ಮೆದುಳಿನ ಗಡ್ಡೆಗೆ ನ್ಯಾನೋ ಔಷಧಿ: ಕಣ ಯಾವುದು ಎನ್ನುವ ಮೊದಲು ದಾರಿ ಯಾವುದು ಎಂದು ಕೇಳಿ

ಹುಬ್ಬಳ್ಳಿ, ಕಲಬುರಗಿ, ಕಾರವಾರ, ಉಡುಪಿ ಕಡೆಯಿಂದ ಪರೇಲ್‌ನ ಟಾಟಾ ಮೆಮೋರಿಯಲ್‌ಗೆ ಬರುವ ಮನೆಮಂದಿ ಮುಂಬೈ ಕನ್ನಡಿಗರಲ್ಲಿ ಔಷಧ ಕ್ಷೇತ್ರದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ಔಷಧ ತಯಾರಿಕೆಯಲ್ಲಿ ಕೆಲಸ ಮಾಡುವ ನನಗೂ ಅಂಥ ಫೋನ್‌ಗಳು ಬರುತ್ತವೆ. ಈಚೆಗೆ ಹೆಚ್ಚಿನವರು ಕೇಳುವುದು ಇದನ್ನೇ: "ನ್ಯಾನೋ ಕೀಮೋ ಬಂದಿದೆಯಂತಲ್ಲ, ಮೆದುಳಿನೊಳಗೆ ಹೋಗಿ ಗಡ್ಡೆಗೆ ಮಾತ್ರ ಹೊಡೆಯುತ್ತದಂತೆ. ಅದರಲ್ಲಿ ಯಾವುದು ಒಳ್ಳೆಯದು, ಲೈಪೋಸೋಮೋ ಚಿನ್ನದ ಕಣವೋ?"

ಚಿಕಿತ್ಸೆ ತೀರ್ಮಾನಿಸುವವರು ಆಸ್ಪತ್ರೆಯ ನ್ಯೂರೋ-ಆಂಕಾಲಜಿ ತಂಡದವರು. ಅವರ ಮುಂದೆ ಕುಳಿತಾಗ ಏನು ಕೇಳಬೇಕು, ಬಂದ ಉತ್ತರವನ್ನು ಹೇಗೆ ತೂಗಬೇಕು ಎನ್ನುವಷ್ಟನ್ನು ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾನೋ ಔಷಧಿ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣದ ಮೂಲಕ ಕೊಡುವ ಚಿಕಿತ್ಸೆ; ಔಷಧಿ ಹೊತ್ತೊಯ್ಯುವ ಆ ಕಣಕ್ಕೆ ವಾಹಕ ಎನ್ನುತ್ತಾರೆ. ಕಣ ಕೊಬ್ಬಿನದೋ ಚಿನ್ನದ್ದೋ ಕಬ್ಬಿಣದ್ದೋ ಎನ್ನುವುದು ಎರಡನೆಯ ಪ್ರಶ್ನೆ. ಅದು ಯಾವ ದಾರಿಯಿಂದ ಗಡ್ಡೆ ತಲುಪುತ್ತದೆ ಎನ್ನುವುದು ಮೊದಲನೆಯದು. ಈ ಕ್ಷೇತ್ರದಲ್ಲಿ ಸೋತ ಬಹುಪಾಲು ಔಷಧಿಗಳು ದಾರಿಯಲ್ಲೇ ಸೋತಿವೆ.

ಹೋಲಿಸುವುದು ಯಾವುದರ ಜೊತೆ

ದೊಡ್ಡವರಲ್ಲಿ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳ ಪೈಕಿ ಅತ್ಯಂತ ಉಗ್ರವಾದದ್ದು ಗ್ಲಿಯೋಬ್ಲಾಸ್ಟೋಮಾ. ರಿಪೋರ್ಟ್‌ನಲ್ಲಿ ಗ್ರೇಡ್ 4 ಎಂದು ಬರೆದಿರುತ್ತದೆ. ಇದು ನರಕೋಶಗಳಿಂದಲ್ಲ, ಅವುಗಳಿಗೆ ಆಸರೆಯಾಗಿರುವ ಗ್ಲಿಯಾ ಜಾತಿಯ ಕೋಶಗಳಿಂದ ಬೆಳೆಯುವ ಗಡ್ಡೆ. ಸುರಕ್ಷಿತವಾಗಿ ಆಗುವಷ್ಟು ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆಯುವುದು, ನಂತರ ಆರು ವಾರಗಳಲ್ಲಿ 30 ಸಲವಾಗಿ ಒಟ್ಟು 60 ಗ್ರೇ ಡೋಸ್‌ನ ರೇಡಿಯೇಷನ್ (ನಮ್ಮ ಕಡೆಯವರು ಕರೆಂಟ್ ಕೊಡುವುದು ಎನ್ನುತ್ತಾರೆ), ಅದರ ಜೊತೆಗೂ ಆಮೇಲೂ ಟೆಮೊಜೊಲೊಮೈಡ್ ಗುಳಿಗೆ. ಇಂದಿನ ಮೂಲ ಚಿಕಿತ್ಸೆ ಇದೇ. 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ರೇಡಿಯೇಷನ್ ಮಾತ್ರ ಪಡೆದವರ ಮಧ್ಯಮ ಬದುಕುಳಿಕೆ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 12.1 ತಿಂಗಳಿದ್ದರೆ, ಗುಳಿಗೆ ಸೇರಿದಾಗ ಅದು 14.6 ತಿಂಗಳಾಯಿತು. ಎರಡು ವರ್ಷ ದಾಟಿದವರ ಪಾಲು ಶೇ 10.4ರಿಂದ ಶೇ 26.5ಕ್ಕೆ ಏರಿತು. ಈ ಎರಡನೆಯ ಅಂಕಿಯನ್ನು ಯಾರೂ ಮನೆಯವರಿಗೆ ಬಿಡಿಸಿ ಹೇಳುವುದಿಲ್ಲ. ತಿಂಗಳ ಲೆಕ್ಕ ಕೇಳಿ ಕುಸಿದವರಿಗೆ ಅದು ತಿಳಿದಿರಬೇಕು.

ಯಾರಾದರೂ ನ್ಯಾನೋ ಎಂದಾಗ ಅದನ್ನು ಹೋಲಿಸಬೇಕಾದದ್ದು ಈ ಚಿಕಿತ್ಸೆಯ ಜೊತೆ. ಟೆಮೊಜೊಲೊಮೈಡ್ ಬಹಳ ಚಿಕ್ಕ ಅಣು, ಅದರ ತೂಕ 194 ಡಾಲ್ಟನ್. ಯಾವ ವಾಹಕದ ನೆರವೂ ಇಲ್ಲದೆ ಮೆದುಳನ್ನು ಒಂದಷ್ಟು ಹೊಗುತ್ತದೆ. ನಮ್ಮ ದೇಶದ ಹಲವು ಕಂಪನಿಗಳು ಅದನ್ನು ತಯಾರಿಸುತ್ತವೆ. ಅದು ಎಷ್ಟು ಕೆಲಸ ಮಾಡುತ್ತದೆ ಎನ್ನುವುದು ಗಡ್ಡೆಯ ಎಂಜಿಎಂಟಿ (ಗುಳಿಗೆ ಮಾಡಿದ ಹಾನಿಯನ್ನು ಸರಿಪಡಿಸಿಕೊಳ್ಳುವ ಜೀನ್) ಪರೀಕ್ಷೆಯ ಮೇಲೆ ನಿಂತಿದೆ. ರಿಪೋರ್ಟ್‌ನಲ್ಲಿ ಮಿಥೈಲೇಟೆಡ್, ಅಂದರೆ ಆ ಜೀನ್ ಅಡಗಿದೆ, ಎಂದಿದ್ದರೆ ಗುಳಿಗೆಯ ಪ್ರಯೋಜನ ಹೆಚ್ಚು. ಆ ರಿಪೋರ್ಟ್ ಕೈಗೆ ಬರದೆ ಬೇರೆ ಯಾವ ಆಯ್ಕೆಯ ಮಾತನ್ನೂ ಎತ್ತಬೇಡಿ. ಐಡಿಎಚ್ ಎಂಬ ಜೀನ್‌ನ ಪರೀಕ್ಷೆಯದ್ದೂ ಇದೇ ಮಾತು. ಅದರಲ್ಲಿ ಬದಲಾವಣೆ ಕಂಡರೆ ರೋಗದ ಹೆಸರೇ ಬೇರೆ, ದಾರಿಯೂ ಬೇರೆ.

ತಡೆ ಎಲ್ಲಿದೆ

1885ರಲ್ಲಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಹಾಕಿ ನೋಡಿದಾಗ ದೇಹವೆಲ್ಲ ಬಣ್ಣವಾಗಿ ಮೆದುಳು ಮಾತ್ರ ಬೆಳ್ಳಗೇ ಉಳಿಯಿತು. ಮೆದುಳಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಬೆಸೆದುಕೊಂಡಿರುತ್ತವೆ. ಅಷ್ಟು ಸಾಲದೆಂಬಂತೆ ಆ ಗೋಡೆಯಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್‌ಗಳಿವೆ, ನುಸುಳಿ ಬಂದ ಔಷಧಿಯನ್ನು ಅವು ರಕ್ತಕ್ಕೇ ವಾಪಸ್ ತಳ್ಳುತ್ತವೆ. ಡಾಕ್ಸೋರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಹೆಸರಾಂತ ಕೀಮೋ ಔಷಧಿಗಳು ಮೆದುಳಿನ ಗಡ್ಡೆಯಲ್ಲಿ ಕೈಕೊಡುವುದಕ್ಕೆ ಇದು ದೊಡ್ಡ ಕಾರಣ.

ಗಡ್ಡೆ ಬೆಳೆದಲ್ಲಿ ಈ ಗೋಡೆ ಸೋರುತ್ತದಲ್ಲ ಎಂದು ಕೇಳಬಹುದು. ಸೋರುತ್ತದೆ, ಆದರೆ ಮಧ್ಯದಲ್ಲಿ. ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುವುದು ಆ ಸೋರುವ ಭಾಗವೇ, ಸರ್ಜನ್ ತೆಗೆಯುವುದೂ ಅದನ್ನೇ. ಉಳಿಯುವುದು ಅಂಚು. ಗರಿಕೆಯನ್ನು ಕಿತ್ತ ಮೇಲೂ ಬೇರು ಮಣ್ಣಿನಲ್ಲಿ ಹರಡಿಕೊಂಡಿರುವಂತೆ, ಗ್ಲಿಯೋಬ್ಲಾಸ್ಟೋಮಾದ ಕೋಶಗಳು ಆರೋಗ್ಯವಂತ ಮೆದುಳಿನೊಳಗೆ ಹಬ್ಬಿರುತ್ತವೆ, ಅಲ್ಲಿ ತಡೆಗೋಡೆ ಇನ್ನೂ ಗಟ್ಟಿಯಾಗಿರುತ್ತದೆ. ಮರಳಿ ಬರುವ ಗಡ್ಡೆಗಳಲ್ಲಿ ಹೆಚ್ಚಿನವು ಹಳೆಯ ಜಾಗದ ಅಂಚಿನಿಂದ 2 ಸೆಂಟಿಮೀಟರ್ ಒಳಗೇ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಯಾವ ವಾಹಕವನ್ನು ಅಳೆಯುವಾಗಲೂ ನನ್ನ ಪ್ರಶ್ನೆ ಇದು: ಆ 2 ಸೆಂಟಿಮೀಟರ್‌ಗೆ ಎಷ್ಟು ಔಷಧಿ ಮುಟ್ಟಿತು?

ರಕ್ತನಾಳದ ದಾರಿ: ಸುಲಭ, ಆದರೆ ಪುರಾವೆ ದುರ್ಬಲ

ಕೈಯ ನರಕ್ಕೆ ಸಲೈನ್‌ನಂತೆ ಹಾಕುವ ವಾಹಕಗಳಲ್ಲಿ ಹಿರಿಯದು ಲೈಪೋಸೋಮ್. ಕೊಬ್ಬಿನ ಎರಡು ಪದರಗಳ ಪೊಟ್ಟಣ, ಒಳಗೆ ಔಷಧಿ. ಅದಕ್ಕೆ ಪಿಇಜಿ ಎಂಬ ಪಾಲಿಮರ್‌ನ ಹೊದಿಕೆ ಕೊಟ್ಟರೆ ಯಕೃತ್ತಿನ ಭಕ್ಷಕ ಕೋಶಗಳು ಬೇಗ ಹಿಡಿಯುವುದಿಲ್ಲ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಇಂಥದ್ದೇ, 100 ನ್ಯಾನೋಮೀಟರ್‌ನ ಒಳಗಿನ ಪೊಟ್ಟಣದಲ್ಲಿ ಡಾಕ್ಸೋರುಬಿಸಿನ್. 2012ರಲ್ಲಿ ಅಲ್ಲಿ ಡಾಕ್ಸಿಲ್ ಕೊರತೆಯಾದಾಗ ತಾತ್ಕಾಲಿಕವಾಗಿ ತರಿಸಿಕೊಂಡದ್ದು ನಮ್ಮ ಮುಂಬೈಯ ಸನ್ ಫಾರ್ಮಾದ ಲಿಪೋಡಾಕ್ಸ್. ಮರುವರ್ಷ ಅದೇ ಕಂಪನಿಯ ಜೆನೆರಿಕ್‌ಗೆ ಒಪ್ಪಿಗೆಯೂ ಸಿಕ್ಕಿತು. ಅಂದರೆ ಈ ತಂತ್ರ ನಮ್ಮೂರಲ್ಲಿದೆ, ಔಷಧಿಯೂ ಇದೆ. ಮನೆಯವರಿಗೆ ಆಸೆ ಹುಟ್ಟುವುದು ಇಲ್ಲಿಯೇ.

ಆದರೆ ಡಾಕ್ಸಿಲ್‌ಗೆ ಒಪ್ಪಿಗೆ ಇರುವುದು ಅಂಡಾಶಯದ ಕ್ಯಾನ್ಸರ್, ಕಪೋಸಿ ಸಾರ್ಕೋಮಾ, ಮೈಲೋಮಾಗಳಿಗೆ. ಹೊಸದಾಗಿ ಪತ್ತೆಯಾದ ಗ್ಲಿಯೋಬ್ಲಾಸ್ಟೋಮಾದಲ್ಲಿ ರೇಡಿಯೇಷನ್ ಮತ್ತು ಟೆಮೊಜೊಲೊಮೈಡ್ ಜೊತೆಗೆ ಇದನ್ನೂ ಸೇರಿಸಿ ಜರ್ಮನಿಯಲ್ಲಿ ನೋಡಿದ್ದಾರೆ, ಬದುಕುಳಿಕೆ ಹೆಚ್ಚಲಿಲ್ಲ. ಹೃದಯಕ್ಕಾಗುವ ಹಾನಿ ಕಡಿಮೆ ಎನ್ನುವುದು ಲೈಪೋಸೋಮ್‌ನ ನಿಜವಾದ ಗುಣ. ಬದಲಿಗೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ತೊಂದರೆ ಬರುತ್ತದೆ. ಮೆದುಳಿನ ಅಂಚಿಗೆ ಮುಟ್ಟುವ ಪ್ರಶ್ನೆ ಅದರಿಂದ ಬಗೆಹರಿದಿಲ್ಲ.

ಲೈಪೋಸೋಮ್‌ನ ಮೈಗೆ ವಿಳಾಸದ ಚೀಟಿಯಾಗಿ ಗ್ಲುಟಾಥಯೋನ್, ಟ್ರಾನ್ಸ್‌ಫೆರಿನ್ ಸಂಬಂಧಿ ಪ್ರೋಟೀನ್ ಅಂಟಿಸಿ ಗೋಡೆ ದಾಟಿಸುವ ಯತ್ನಗಳೂ ನಡೆದಿವೆ. ಗ್ಲುಟಾಥಯೋನ್ ಹಚ್ಚಿದ ಡಾಕ್ಸೋರುಬಿಸಿನ್ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ರೂಪುಗೊಂಡು ಮನುಷ್ಯರ ಮೇಲಿನ ಆರಂಭಿಕ ಹಂತ ತಲುಪಿತ್ತು. ಮಾರುಕಟ್ಟೆಗೆ ಬರಲಿಲ್ಲ. ಪಾಲಿಮರ್ ಕಣಗಳಿಗೆ ಪಾಲಿಸಾರ್ಬೇಟ್ 80 ಸವರಿದರೆ ರಕ್ತದಲ್ಲಿನ ಅಪೋಲಿಪೋಪ್ರೋಟೀನ್ ಇ ಅಂಟಿಕೊಂಡು, ಕೊಬ್ಬು ಸಾಗಿಸುವ ಕಣವೆಂದು ಭಾವಿಸಿ ಮೆದುಳು ಒಳಗೆ ಬಿಟ್ಟುಕೊಳ್ಳುತ್ತದೆ. 1990ರ ದಶಕದಲ್ಲಿ ಫ್ರಾಂಕ್‌ಫರ್ಟ್‌ನ ಕ್ರಾಯ್ಟರ್ ತಂಡ ತೋರಿಸಿದ ಈ ಉಪಾಯ ಔಷಧ ವಿಜ್ಞಾನಿಯಾಗಿ ನನಗೆ ಬಹಳ ಇಷ್ಟವಾದದ್ದು. ಇಲಿಗಳಲ್ಲಿ ಚೆನ್ನಾಗಿ ನಡೆಯಿತು. ಇಲಿಯ ಮೆದುಳು ಒಂದೆರಡು ಗ್ರಾಂ, ಮನುಷ್ಯನದು ಸುಮಾರು 1,400 ಗ್ರಾಂ ಎನ್ನುವುದನ್ನು ಮರೆಯಬಾರದು.

ಚಿನ್ನದ ವಿಷಯಕ್ಕೆ ಬರೋಣ. ಚಿನ್ನ ಎಂದ ಕೂಡಲೇ ನಮ್ಮವರಿಗೆ ಒಂದು ನಂಬಿಕೆ ಬಂದುಬಿಡುತ್ತದೆ, ಅದಕ್ಕೆ ತುಸು ವಿವರವಾಗಿಯೇ ಹೇಳಬೇಕು. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಪುಟ್ಟ ಚಿನ್ನದ ಗೋಲಿಯ ಸುತ್ತ ಆರ್‌ಎನ್‌ಎ ಎಳೆಗಳನ್ನು ಮುಳ್ಳಿನಂತೆ ನೆಟ್ಟ ಎನ್‌ಯು-0129 ಎಂಬ ಕಣವನ್ನು ಗಡ್ಡೆ ಮರುಕಳಿಸಿದ 8 ರೋಗಿಗಳಿಗೆ ರಕ್ತನಾಳದಲ್ಲಿ ಕೊಟ್ಟರು. ನಂತರ ಆಪರೇಷನ್‌ನಲ್ಲಿ ತೆಗೆದ ಗಡ್ಡೆಯಲ್ಲಿ ಚಿನ್ನ ಸಿಕ್ಕಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ಮಹತ್ವದ್ದೇ: ನರಕ್ಕೆ ಹಾಕಿದ ಕಣ ಮನುಷ್ಯನ ಮೆದುಳಿನ ಗಡ್ಡೆಯನ್ನು ತಲುಪಬಲ್ಲದು ಎಂದು ಅದು ತೋರಿಸಿತು. ಆದರೆ ಅದು ಹಂತ 0 ಪರೀಕ್ಷೆ. ತಲುಪುತ್ತದೆಯೇ, ಅಪಾಯವಿಲ್ಲವೇ ಎಂದು ನೋಡುವುದಕ್ಕೆ ಮಾಡಿದ್ದು, ಗುಣವಾಗುತ್ತದೆಯೇ ಎಂದು ನೋಡುವುದಕ್ಕಲ್ಲ. ಅದನ್ನು ಓದಿ "ಚಿನ್ನದ ಕೀಮೋ ಕೊಡಿಸಿ" ಎನ್ನುವುದು ಪರೀಕ್ಷೆ ಮಾಡಿದವರೇ ಹೇಳದ ಮಾತನ್ನು ಅವರ ಬಾಯಲ್ಲಿ ಹಾಕಿದಂತೆ.

ನಮ್ಮಲ್ಲಿ ಕೆಲವರು ಸ್ವರ್ಣಭಸ್ಮವನ್ನು ಇದೇ ಸಾಲಿಗೆ ಸೇರಿಸುತ್ತಾರೆ. ಭಸ್ಮದಲ್ಲಿ ನ್ಯಾನೋ ಗಾತ್ರದ ಚಿನ್ನ ಇರುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಬಾಯಿಂದ ಸೇವಿಸುವ ಆ ಚಿನ್ನಕ್ಕೂ, ಒಂದು ನಿರ್ದಿಷ್ಟ ಜೀನ್ ಅಡಗಿಸಲು ಆರ್‌ಎನ್‌ಎ ಹೊತ್ತು ರಕ್ತದಲ್ಲಿ ಹೋಗುವ ಕಣಕ್ಕೂ ಲೋಹ ಒಂದೇ ಎನ್ನುವುದನ್ನು ಬಿಟ್ಟರೆ ಸಂಬಂಧವಿಲ್ಲ. ಆನ್‌ಲೈನ್‌ನಲ್ಲಿ ಮಾರುವ "ನ್ಯಾನೋ ಕರ್ಕ್ಯುಮಿನ್" ಡಬ್ಬಿಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ, ಮತ್ತು ಟೆಮೊಜೊಲೊಮೈಡ್ ತೆಗೆದುಕೊಳ್ಳುತ್ತಿರುವವರ ರಕ್ತಪರೀಕ್ಷೆಯಲ್ಲಿ ಏರುಪೇರಾದರೆ ಕಾರಣ ಯಾವುದೆಂದು ಡಾಕ್ಟರಿಗೆ ತಿಳಿಯದೆ ಗುಳಿಗೆ ನಿಲ್ಲಿಸಬೇಕಾಗಬಹುದು. ಈಗಾಗಲೇ ಕೊಡುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ರಕ್ತನಾಳದ ದಾರಿಗೆ ಇನ್ನೊಂದು ಅಂಕಿ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಟೊರೊಂಟೊದ ತಂಡ ಲೆಕ್ಕ ಹಾಕಿದಾಗ, ನರಕ್ಕೆ ಕೊಟ್ಟ ನ್ಯಾನೋಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಮಧ್ಯಮ ಲೆಕ್ಕದಲ್ಲಿ ಶೇ 0.7. ಅದೂ ಎಲ್ಲ ಬಗೆಯ ಗಡ್ಡೆಗಳನ್ನು ಸೇರಿಸಿ. ಉಳಿದದ್ದರಲ್ಲಿ ಹೆಚ್ಚಿನದು ಯಕೃತ್ತು ಮತ್ತು ಗುಲ್ಮದ ಪಾಲು. "ಗಡ್ಡೆಗೆ ಮಾತ್ರ ಹೊಡೆಯುತ್ತದೆ" ಎಂಬ ಮಾತು ಕೇಳಿದಾಗ ಈ ಅಂಕಿ ನೆನಪಿರಲಿ.

ಗೋಡೆಯನ್ನೇ ತುಸು ಹೊತ್ತು ತೆರೆಯುವುದು

ರಕ್ತನಾಳದ ವಾಹಕಗಳಿಗೆ ಭವಿಷ್ಯವಿದ್ದರೆ ಅದು ಅಲ್ಟ್ರಾಸೌಂಡ್ ಜೊತೆಗೆ ಎಂದು ನನಗನ್ನಿಸುತ್ತದೆ. ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು, ಬೇಕಾದ ಜಾಗಕ್ಕೆ ಅಲ್ಟ್ರಾಸೌಂಡ್ ಹಾಯಿಸಿದರೆ ಗುಳ್ಳೆಗಳು ಕಂಪಿಸಿ ಕೋಶಗಳ ಬೆಸುಗೆ ಸಡಿಲವಾಗುತ್ತದೆ, ನಂತರ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 2023ರಲ್ಲಿ ಪ್ರಕಟವಾದ ನಾರ್ತ್‌ವೆಸ್ಟರ್ನ್‌ನ ಹಂತ 1 (ಸುರಕ್ಷತೆ ಮತ್ತು ಡೋಸ್ ನೋಡುವ) ಪರೀಕ್ಷೆಯಲ್ಲಿ, ಗಡ್ಡೆ ಮರುಕಳಿಸಿದ 17 ರೋಗಿಗಳ ತಲೆಬುರುಡೆಯಲ್ಲಿ ಅಲ್ಟ್ರಾಸೌಂಡ್ ಸಾಧನ ಕೂರಿಸಿ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್‌ಗೆ ಬೆಸೆದ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರು. ಸುಮಾರು 130 ನ್ಯಾನೋಮೀಟರ್‌ನ ಈ ಕಣ 2005ರಿಂದ ಸ್ತನ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ಅಲ್ಟ್ರಾಸೌಂಡ್ ಹಾಯಿಸಿದ ಮೆದುಳಿನ ಭಾಗದಲ್ಲಿ ಔಷಧಿಯ ಪ್ರಮಾಣ ಸುಮಾರು 3.7 ಪಟ್ಟು ಹೆಚ್ಚಿತ್ತು. ಗೋಡೆಯ ಬಹುಪಾಲು ಒಂದು ಗಂಟೆಯೊಳಗೆ ಮುಚ್ಚಿಕೊಂಡಿದ್ದನ್ನೂ ಕಂಡರು, ಅಂದರೆ ಔಷಧಿ ಕೊಡುವ ಹೊತ್ತನ್ನು ನಿಮಿಷಗಳ ಲೆಕ್ಕದಲ್ಲಿ ಹೊಂದಿಸಬೇಕು. ಇಲ್ಲಿ ಹೊಸ ಕಣ ಯಾವುದೂ ಇಲ್ಲ. ಹಳೆಯ ಕಣಕ್ಕೆ ಹೊಸ ದಾರಿ ಸಿಕ್ಕಿತು.

ಬದುಕುಳಿಕೆ ಹೆಚ್ಚುತ್ತದೆಯೇ ಎನ್ನುವುದನ್ನು ಹೇಳಬೇಕಾದದ್ದು ಮುಂದಿನ ಹಂತಗಳು. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲು ಜೋಮು ಹಿಡಿಯುವುದು ಇಲ್ಲಿಯೂ ತಪ್ಪುವುದಿಲ್ಲ.

ಗಡ್ಡೆ ತೆಗೆದ ಜಾಗದಲ್ಲೇ ಇಡುವುದು

ಗೋಡೆಯನ್ನು ಸುತ್ತಿಬಳಸಿ ಹೋಗುವ ದಾರಿಗಳಲ್ಲಿ ದೊಡ್ಡ ಪರೀಕ್ಷೆ ದಾಟಿ ಒಪ್ಪಿಗೆ ಪಡೆದದ್ದು ಗ್ಲಿಯಾಡೆಲ್. ಇದು ನ್ಯಾನೋ ಅಲ್ಲ. ಕಾಸಿನಗಲದ ಬಿಲ್ಲೆ, ಪಾಲಿಮರ್ ಕರಗುತ್ತ ಕರ್ಮುಸ್ಟಿನ್ ಎಂಬ ಔಷಧಿಯನ್ನು ಎರಡು ಮೂರು ವಾರ ಬಿಡುತ್ತದೆ. ಸರ್ಜನ್ ಗಡ್ಡೆ ತೆಗೆದ ಕುಳಿಯ ಗೋಡೆಗೆ ಗರಿಷ್ಠ 8 ಬಿಲ್ಲೆ ಹೊದಿಸುತ್ತಾರೆ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಬಂತು. 2003ರ ಪರೀಕ್ಷೆಯಲ್ಲಿ ಬದುಕುಳಿಕೆ 11.6ರಿಂದ 13.9 ತಿಂಗಳಿಗೆ ಏರಿತ್ತು. ಮೆದುಳಿನ ಊತ, ಗಾಯ ಮಾಯದಿರುವುದು, ಸೋಂಕು, ಫಿಟ್ಸ್ ಇದರ ತೊಂದರೆಗಳು. ಔಷಧಿ ಕೆಲವೇ ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ ಎನ್ನುವುದು ದೊಡ್ಡ ಮಿತಿ.

ನ್ಯಾನೋ ಹೋಲಿಕೆಯಲ್ಲಿ ಇದನ್ನು ತಂದದ್ದು ಅಳತೆಗೋಲಾಗಿ. ಕುಳಿಯಲ್ಲಿ ಇಡುವ ಪಾಲಿಮರ್ ನ್ಯಾನೋಕಣದ ಜೆಲ್‌ಗಳ ಬಗ್ಗೆ ಓದಿದಾಗ ಅವು ಗ್ಲಿಯಾಡೆಲ್‌ಗಿಂತ ಆಳಕ್ಕೆ ಹೋಗುತ್ತವೆಯೇ ಎಂದು ಕೇಳಿ. ಚಿಕ್ಕ, ನುಣುಪು ಹೊದಿಕೆಯ ಕಣಗಳು ಮೆದುಳಿನ ಅಂಗಾಂಶದಲ್ಲಿ ಹೆಚ್ಚು ದೂರ ಜಾರಬಲ್ಲವು, ಅವುಗಳ ಮೇಲಿನ ಆಸೆಗೆ ಆಧಾರ ಇದೇ.

ಕ್ಯಾಥೆಟರ್ ಮೂಲಕ: ನನಗೆ ಹೆಚ್ಚು ಭರವಸೆ ಇಲ್ಲಿ

ಔಷಧಿ ತಾನಾಗಿ ಹರಡಿದರೆ ಮಿಲಿಮೀಟರ್, ಸಣ್ಣ ಒತ್ತಡದಲ್ಲಿ ಗಂಟೆಗಟ್ಟಲೆ ತಳ್ಳಿದರೆ ಸೆಂಟಿಮೀಟರ್. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಓಲ್ಡ್‌ಫೀಲ್ಡ್ ತಂಡ ತೋರಿಸಿದ ಈ ವಿಧಾನಕ್ಕೆ ಕನ್ವೆಕ್ಷನ್ ಎನ್‌ಹ್ಯಾನ್ಸ್ಡ್ ಡೆಲಿವರಿ ಎಂದು ಹೆಸರು. ತಲೆಬುರುಡೆಯ ಮೂಲಕ ತೆಳು ಕ್ಯಾಥೆಟರ್‌ಗಳನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ಆ 2 ಸೆಂಟಿಮೀಟರ್‌ನ ಅಂಚಿಗೆ ಉತ್ತರ ಕೊಡುವ ಶಕ್ತಿ ಇರುವ ದಾರಿ ಇದು.

ಸುಲಭದ ದಾರಿಯಂತೂ ಅಲ್ಲ. ಕ್ಯಾಥೆಟರ್ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ದ್ರವ ಬಂದ ದಾರಿಯಲ್ಲೇ ಹಿಂದಕ್ಕೆ ಸೋರುತ್ತದೆ ಅಥವಾ ಕುಳಿಗೆ ಹರಿದುಹೋಗುತ್ತದೆ. ಇದೇ ವಿಧಾನದಲ್ಲಿ ಒಂದು ಪ್ರೋಟೀನ್ ಔಷಧಿಯನ್ನು ಕೊಟ್ಟು ಗ್ಲಿಯಾಡೆಲ್ ಜೊತೆ ಹೋಲಿಸಿದ ಪ್ರಿಸೈಸ್ ಎಂಬ ದೊಡ್ಡ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಬದುಕುಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಲವು ರೋಗಿಗಳಲ್ಲಿ ಕ್ಯಾಥೆಟರ್‌ಗಳು ಸೂಚಿಸಿದ ಜಾಗದಲ್ಲಿ ಇರಲಿಲ್ಲ ಎಂಬುದು ಆ ಬಳಿಕದ ಚರ್ಚೆಯಲ್ಲಿ ಮುಖ್ಯವಾಯಿತು. ಹಾಗಾಗಿ ಈ ಆಯ್ಕೆಯಲ್ಲಿ ಸರ್ಜನ್‌ನ ಅನುಭವ ಕಣದಷ್ಟೇ ಮುಖ್ಯ.

ನ್ಯಾನೋ ವಾಹಕಗಳು ಇಲ್ಲಿ ಯಾಕೆ ಹೊಂದುತ್ತವೆ ಎಂದರೆ, ಬಿಡಿ ಔಷಧಿ ಗಂಟೆಗಳಲ್ಲಿ ರಕ್ತಕ್ಕೆ ತೊಳೆದುಹೋಗುತ್ತದೆ, ಲೈಪೋಸೋಮ್ ಇಟ್ಟಲ್ಲಿ ದಿನಗಟ್ಟಲೆ ಉಳಿಯುತ್ತದೆ. ಅದೇ ತಡೆಗೋಡೆ ಈಗ ಒಳಗೆ ಹೋದದ್ದನ್ನು ಹೊರಬಿಡದೆ ಉಪಕಾರ ಮಾಡುತ್ತದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ನಡೆದ ರೆಸ್ಪೆಕ್ಟ್-ಜಿಬಿಎಂ ಪರೀಕ್ಷೆಯಲ್ಲಿ ಸುಮಾರು 100 ನ್ಯಾನೋಮೀಟರ್ ಲೈಪೋಸೋಮ್‌ನೊಳಗೆ ಕೀಮೋ ಬದಲು ರೇನಿಯಂ-186 ಎಂಬ ವಿಕಿರಣಶೀಲ ಧಾತುವನ್ನು ತುಂಬಿ ಹೀಗೆ ಒಳಗಿಳಿಸುತ್ತಾರೆ. ಅದರ ಅರ್ಧಾಯು ನಾಲ್ಕು ದಿನಕ್ಕೂ ಕಡಿಮೆ, ಅದರ ಬೀಟಾ ಕಿರಣ ಕೆಲವೇ ಮಿಲಿಮೀಟರ್ ಸಾಗುತ್ತದೆ. ಇದರ ದೊಡ್ಡ ಅನುಕೂಲ, ಗಡ್ಡೆಗೆ ಎಷ್ಟು ಮುಟ್ಟಿತು ಎಂದು ಸ್ಕ್ಯಾನ್‌ನಲ್ಲೇ ಅಳೆಯಬಹುದು. ಗಡ್ಡೆಗೆ 100 ಗ್ರೇಗಿಂತ ಹೆಚ್ಚು ಸಿಕ್ಕವರು ಕಡಿಮೆ ಸಿಕ್ಕವರಿಗಿಂತ ಹೆಚ್ಚು ಕಾಲ ಬದುಕಿದರು. ಇದು ಹಂತ 1ರ, ಚೀಟಿ ಎತ್ತಿ ಗುಂಪು ಮಾಡದ ಫಲಿತಾಂಶ. ಗಡ್ಡೆ ಚಿಕ್ಕದಿದ್ದವರಿಗೆ ಡೋಸ್ ಚೆನ್ನಾಗಿ ಮುಟ್ಟಿ, ಅವರು ಹೇಗೂ ಹೆಚ್ಚು ಬದುಕುವವರೇ ಆಗಿರಬಹುದು. ಆದರೂ ಔಷಧಿ ತಲುಪಿದ್ದನ್ನು ಪ್ರತಿ ರೋಗಿಯಲ್ಲೂ ಅಳೆದು ತೋರಿಸುವ ಪ್ರಾಮಾಣಿಕತೆಗೆ ನಾನು ಬೆಲೆ ಕೊಡುತ್ತೇನೆ.

ಕಬ್ಬಿಣದ ಕಣದ ಬಿಸಿ: ಒಪ್ಪಿಗೆ ಇದ್ದರೂ ಎರಡು ಸಲ ಯೋಚಿಸಬೇಕಾದದ್ದು

ಬರ್ಲಿನ್‌ನ ಮ್ಯಾಗ್‌ಫೋರ್ಸ್ ಕಂಪನಿಯ ನ್ಯಾನೋಥರ್ಮ್‌ಗೆ 2010ರಲ್ಲಿ ಯೂರೋಪಿನಲ್ಲಿ ಮೆದುಳಿನ ಗಡ್ಡೆಗೆ ಒಪ್ಪಿಗೆ ಸಿಕ್ಕಿತು. ಕಬ್ಬಿಣದ ಆಕ್ಸೈಡ್ ಕಣಗಳನ್ನು ನೇರ ಗಡ್ಡೆಗೆ ಚುಚ್ಚಿ, ರೋಗಿಯನ್ನು ಪರ್ಯಾಯ ಕಾಂತಕ್ಷೇತ್ರದಲ್ಲಿ ಕೂರಿಸಿದರೆ ಕಣಗಳು ಬಿಸಿಯಾಗಿ ಗಡ್ಡೆಯನ್ನು ಬೇಯಿಸುತ್ತವೆ, ಜೊತೆಗೆ ರೇಡಿಯೇಷನ್. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರುಕಳಿಸಿದ ಮೇಲಿನ ಮಧ್ಯಮ ಬದುಕುಳಿಕೆ 13.4 ತಿಂಗಳು. ಹೋಲಿಕೆಯ ಗುಂಪು ಇರಲಿಲ್ಲ. "ಒಪ್ಪಿಗೆ ಸಿಕ್ಕಿದೆ" ಎಂಬ ಮಾತಿನ ಹಿಂದೆ ಎಂಥ ಪುರಾವೆ ಇದೆ ಎಂದು ನೋಡಬೇಕಾದ್ದು ಇದಕ್ಕೇ.

ಮುಂದಿನ ತೊಡಕು ಹೆಚ್ಚು ಗಂಭೀರ. ಕಬ್ಬಿಣ ಅಲ್ಲಿಯೇ ಉಳಿಯುತ್ತದೆ, ಆ ಜಾಗದ ಎಂಆರ್‌ಐ ಆಮೇಲೆ ಓದಲು ಬರುವುದಿಲ್ಲ. ಗಡ್ಡೆ ಮರಳಿತೇ ಎಂದು ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ನೋಡುತ್ತಲೇ ಇರಬೇಕಾದ ಕಾಯಿಲೆಯಲ್ಲಿ ಆ ಕಣ್ಣನ್ನೇ ಕಳೆದುಕೊಂಡಂತೆ. ಚಿಕಿತ್ಸೆಗೆ ಮೊದಲು ಹಲ್ಲಿನ ಲೋಹದ ಫಿಲ್ಲಿಂಗ್, ಕ್ಯಾಪ್ ತೆಗೆಸಬೇಕು. ಕಂಪನಿ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಇದಕ್ಕಾಗಿ ಜರ್ಮನಿಗೆ ಹೋಗಲು ಜಮೀನು ಮಾರಬೇಕೇ ಎಂದು ಯಾರಾದರೂ ಕೇಳಿದರೆ, ಬೇಡ ಎನ್ನುತ್ತೇನೆ.

ಇದಕ್ಕೆ ಎದುರಾಗಿ, ಫ್ರಾನ್ಸ್‌ನ ಅಗ್ವಿಕ್ಸ್ ಎಂಬ ಗ್ಯಾಡೋಲಿನಿಯಂ ಕಣ ಎಂಆರ್‌ಐಯಲ್ಲಿ ಹೊಳೆಯುತ್ತದೆ, ರೇಡಿಯೇಷನ್‌ನ ಪರಿಣಾಮವನ್ನು ಗಡ್ಡೆಯೊಳಗೆ ಹೆಚ್ಚಿಸುತ್ತದೆ, ಕೆಲವೇ ನ್ಯಾನೋಮೀಟರ್ ಇರುವುದರಿಂದ ಮೂತ್ರದಲ್ಲಿ ಹೊರಹೋಗುತ್ತದೆ. ಬೇರೆಡೆಯಿಂದ ಮೆದುಳಿಗೆ ಹರಡಿದ ಗಡ್ಡೆಗಳಿದ್ದ 15 ರೋಗಿಗಳಲ್ಲಿ ಗ್ರೆನೋಬಲ್‌ನಲ್ಲಿ ಹಂತ 1 ಮುಗಿದು ಮುಂದಿನ ಹಂತಗಳಿಗೆ ಹೋಗಿದೆ. ಎರಡು ಲೋಹಗಳಲ್ಲಿ ಒಂದನ್ನು ಆರಿಸು ಎಂದರೆ ನಾನು ಇದರ ಕಡೆ ನೋಡುತ್ತೇನೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಮೊದಲೇ ಹೇಳಬೇಕು.

ಮೂಗಿನ ಸ್ಪ್ರೇ ಮೂಲಕ ಮೆದುಳಿಗೆ ನ್ಯಾನೋ ಔಷಧಿ ಎಂಬ ಸುದ್ದಿಗಳೂ ಬರುತ್ತವೆ. ಇಲಿಯ ಮೂಗಿನ ಒಳಪದರದಲ್ಲಿ ಸುಮಾರು ಅರ್ಧ ವಾಸನೆ ಗ್ರಹಿಸುವ ಭಾಗ, ಮನುಷ್ಯನಲ್ಲಿ ಅದು ಶೇ 10ಕ್ಕಿಂತ ಕಡಿಮೆ. ಇಲಿಯ ಫಲಿತಾಂಶ ನಮಗೆ ಹೊಂದುವುದಿಲ್ಲ.

ಬೆನ್ನುಹುರಿಯ ನೀರಿಗೆ ಹರಡಿದ್ದರೆ

ಕ್ಯಾನ್ಸರ್ ಕೋಶಗಳು ಮೆದುಳಿನ ಸುತ್ತಲ ದ್ರವಕ್ಕೆ ಇಳಿದಾಗ ಬೆನ್ನಿನಿಂದ ಸೂಜಿ ಹಾಕಿ ಔಷಧಿ ಕೊಡುತ್ತಾರೆ. ಲೈಪೋಸೋಮ್‌ನ ತಂಗುವ ಗುಣ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂದಿತ್ತು. ಸೈಟರಾಬಿನ್ ಎಂಬ ಸಾಧಾರಣ ಕೀಮೋ ವಾರಕ್ಕೆ ಎರಡು ಸಲ ಕೊಡಬೇಕಾದಲ್ಲಿ 1999ರಲ್ಲಿ ಬಂದ ಅದರ ಲೈಪೋಸೋಮ್ ರೂಪ ಡೆಪೋಸೈಟ್ ಎರಡು ವಾರಕ್ಕೊಮ್ಮೆ ಸಾಕಾಗುತ್ತಿತ್ತು. 2017ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಹಳೆಯ ಲೇಖನ ಓದಿ ಅದನ್ನು ಹುಡುಕುವವರು ಇನ್ನೂ ಇದ್ದಾರೆ, ಆ ಓಡಾಟ ಉಳಿಯಲಿ ಎಂದು ಬರೆದೆ.

ಮಕ್ಕಳ ನ್ಯೂರೋಬ್ಲಾಸ್ಟೋಮಾ ಬೇರೆಯೇ ಲೆಕ್ಕ

ನರಕೋಶದ ಕ್ಯಾನ್ಸರ್ ಎಂದು ಸರಿಯಾಗಿ ಕರೆಯಬೇಕಾದದ್ದು ಇದನ್ನು. ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚು. ಹುಟ್ಟುವುದು ಮೆದುಳಿನಲ್ಲಲ್ಲ, ಸಾಮಾನ್ಯವಾಗಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಅಥವಾ ಬೆನ್ನುಮೂಳೆಯ ಪಕ್ಕದ ನರಗಂಟುಗಳಲ್ಲಿ. ಹಾಗಾಗಿ ಮೇಲೆ ಹೇಳಿದ ತಡೆಗೋಡೆಯ ತಕರಾರು ಇಲ್ಲಿ ಬಹುಮಟ್ಟಿಗೆ ಇಲ್ಲ, ರಕ್ತನಾಳದ ದಾರಿಗೇ ಅರ್ಥವಿದೆ. ಈ ಕೋಶಗಳ ಮೈಮೇಲೆ ಜಿಡಿ2 ಎಂಬ ಗುರುತು ಇರುವುದರಿಂದ, ಅದನ್ನು ಹಿಡಿಯುವ ಪ್ರತಿಕಾಯಗಳನ್ನು ಲೈಪೋಸೋಮ್‌ಗೆ ಅಂಟಿಸಿದ ಕೆಲಸ ಇಟಲಿಯ ಜಿನೋವಾದಲ್ಲಿ ನಡೆದಿದೆ, ಪ್ರಾಣಿಗಳಲ್ಲಿ.

ಅದೇ ಜಿಡಿ2 ಮೇಲೆ ಕೆಲಸ ಮಾಡುವ ಪ್ರತಿಕಾಯವೇ, ಅಂದರೆ ಡಿನುಟುಕ್ಸಿಮ್ಯಾಬ್, ಯಾವ ನ್ಯಾನೋ ಪೊಟ್ಟಣವೂ ಇಲ್ಲದೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ. ಮಗುವಿಗೆ ಹೈ-ರಿಸ್ಕ್ ಎಂದಿದ್ದರೆ ನ್ಯಾನೋ ಬಗ್ಗೆ ಕೇಳುವ ಮೊದಲು ಎಂವೈಸಿಎನ್ ಎಂಬ ಜೀನ್‌ನ ಪರೀಕ್ಷೆ ಆಗಿದೆಯೇ, ಕಾಯಿಲೆ ಎಲ್ಲೆಲ್ಲಿ ಹರಡಿದೆ ಎಂದು ತೋರಿಸುವ ಎಂಐಬಿಜಿ ಸ್ಕ್ಯಾನ್ ಆಗಿದೆಯೇ, ಜಿಡಿ2 ಪ್ರತಿಕಾಯ ನಮಗೆ ಸಿಗುವ ದಾರಿ ಇದೆಯೇ ಎಂದು ಕೇಳಿ. ಉಳಿಯಲು ಜಾಗ ಇಲ್ಲವೆಂದು ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಹೊರಡಬೇಡಿ. ಮಕ್ಕಳ ಕುಟುಂಬಗಳಿಗೆ ಕಾಟನ್ ಗ್ರೀನ್‌ನಲ್ಲಿ ಸೇಂಟ್ ಜೂಡ್ ಕೇಂದ್ರಗಳಿವೆ, ದೊಡ್ಡವರಿಗೆ ದಾದರ್‌ನಲ್ಲಿ ಸಂತ ಗಾಡಗೆ ಮಹಾರಾಜ ಧರ್ಮಶಾಲೆ ಇದೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿ. ನೇರ ಹೋದರೆ ಜಾಗ ಸಿಗುವುದು ಕಷ್ಟ.

ಯಾರು ಯಾವ ಕಡೆ ನೋಡಬೇಕು

ಗ್ಲಿಯೋಬ್ಲಾಸ್ಟೋಮಾ ಹೊಸದಾಗಿ ಪತ್ತೆಯಾಗಿ, ರೋಗಿ ಎದ್ದು ಓಡಾಡುತ್ತಿದ್ದರೆ ಆಪರೇಷನ್, ರೇಡಿಯೇಷನ್, ಗುಳಿಗೆ ಮುಗಿಸಿ. ನ್ಯಾನೋ ಹುಡುಕುತ್ತ ಒಂದು ವಾರವೂ ತಡ ಮಾಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಮರುಕಳಿಸಿದ್ದರೆ ಪ್ರಯೋಗಗಳಿಗೆ ಅರ್ಥವಿದೆ. ಮತ್ತೆ ಆಪರೇಷನ್ ಮಾಡುವಂತಿದ್ದರೆ ಕುಳಿಯಲ್ಲಿ ಇಡುವ ಆಯ್ಕೆಗಳನ್ನೂ ಕ್ಯಾಥೆಟರ್ ಆಯ್ಕೆಗಳನ್ನೂ ಆಪರೇಷನ್‌ಗೆ ಮೊದಲೇ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ. ಆಪರೇಷನ್ ಆಗದಂಥ ಜಾಗವಾದರೆ ಅಲ್ಟ್ರಾಸೌಂಡ್ ಅಥವಾ ರಕ್ತನಾಳದ ಪರೀಕ್ಷೆಗಳು. ರೋಗಿ ಹಾಸಿಗೆ ಹಿಡಿದಿದ್ದರೆ ಪ್ರಯೋಗಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಆಗ ಊತ ಇಳಿಸುವ ಸ್ಟಿರಾಯ್ಡ್, ಫಿಟ್ಸ್ ತಡೆ, ನೋವು ಶಮನ ಇವನ್ನು ಚೆನ್ನಾಗಿ ನೋಡಿಕೊಳ್ಳುವ ಪ್ಯಾಲಿಯೇಟಿವ್ ತಂಡವೇ ಸರಿಯಾದ ಆಯ್ಕೆ. ಅದನ್ನು ಸೋಲೆಂದು ಮನೆಯವರು ತಿಳಿಯಬಾರದು.

ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ (ಐಸಿಟಿ), ಪೊವಾಯಿಯ ಐಐಟಿ, ಪುಣೆ ಪಾಷಾಣ್‌ನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಗಳಲ್ಲಿ ನ್ಯಾನೋ ವಾಹಕಗಳ ಸಂಶೋಧನೆ ನಡೆಯುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಲ್ಯಾಬ್‌ನಲ್ಲಿ ಯಶಸ್ಸು ಎಂದರೆ ವಾರ್ಡ್‌ನಲ್ಲಿ ಔಷಧಿ ಎಂದಲ್ಲ. ಮನುಷ್ಯರ ಮೇಲಿನ ಪರೀಕ್ಷೆ ನಡೆಯುತ್ತಿದೆಯೇ ಎಂದು ನೋಡಲು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ 2007ರಿಂದ ಇದೆ, 2009ರಿಂದ ನೋಂದಣಿ ಕಡ್ಡಾಯ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಯಾವುದೇ ಕ್ಲಿನಿಕ್ "ಹೊಸ ನ್ಯಾನೋ ಚಿಕಿತ್ಸೆ" ಎಂದರೆ ಸಿಟಿಆರ್‌ಐ ಸಂಖ್ಯೆ ಕೇಳಿ. ಸಂಖ್ಯೆ ಇಲ್ಲದೆ ಹಣ ಕೇಳಿದರೆ ಎದ್ದು ಬನ್ನಿ. ಬೆಳಗಾವಿ, ವಾಸ್ಕೋದಿಂದ ರೋಗಿಯನ್ನು ಕರೆತರುವ ಮೊದಲು ರಿಪೋರ್ಟ್‌ಗಳನ್ನು ನವ್ಯಾ ಎಂಬ ಆನ್‌ಲೈನ್ ಸೇವೆಗೆ ಕಳಿಸಿ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ತಜ್ಞರ ಅಭಿಪ್ರಾಯ ತರಿಸಿಕೊಳ್ಳಬಹುದು. ಎಂಆರ್‌ಐಯ ಸಿಡಿ, ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಇಟ್ಟ ಗಡ್ಡೆಯ ತುಣುಕು) ಮತ್ತು ಸ್ಲೈಡ್ ನಿಮ್ಮ ಹತ್ತಿರವೇ ಇರಲಿ. ಎಷ್ಟೋ ಮಂದಿ ಪರೇಲ್ ತಲುಪಿದ ಮೇಲೆ ಬ್ಲಾಕ್ ತರಲು ಮತ್ತೆ ರೈಲು ಹತ್ತುತ್ತಾರೆ.

ಪ್ರಯೋಗಕ್ಕೆ ಸೇರುವುದಾದರೆ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ನಿಮ್ಮ ಹಕ್ಕು. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಮುಂಬೈಯಲ್ಲಿ ಮರಾಠಿ, ಹಿಂದಿ ಪ್ರತಿಗಳು ಸುಲಭವಾಗಿ ಕೈಗೆ ಬರುತ್ತವೆ. ಕನ್ನಡ ಪ್ರತಿಯನ್ನು ಕೇಳಿ ಪಡೆಯಿರಿ, ಸಹಿ ಹಾಕುವ ಮೊದಲು ಅದನ್ನು ರೋಗಿಗೇ ಓದಿ ಹೇಳಿ.